ಮುತ್ಯಾನ ಅಂಚಿನ ಹನ್ನೊಂದು ಗೀರು

ಆ ನಗುವನ್ನು ಶಂಭುಲಿಂಗ ಎರಡು ವರ್ಷವಾದರೂ ಮರೆತಿರಲಿಲ್ಲ. ಬ್ಯಾಡಗಿಯಲ್ಲಿ, ತೀರಿಹೋದ ಸೋದರಮಾವ ಹನುಮಪ್ಪನ ವರ್ಷದ ಊಟ ಮುಗಿದಿತ್ತು. ಬಳಗವೆಲ್ಲ ಪಡಸಾಲೆಯಲ್ಲಿ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿತ್ತು. ಅವನು ಕೇಳಿದ್ದು ಒಂದೇ ಮಾತು. ದೇವರ ಜಗಲಿಯ ಮೇಲೆ, ಬೆಳ್ಳಿಯ ಮನೆದೇವರುಗಳ ನಡುವೆ ಇಟ್ಟು ಪೂಜಿಸುವ ಆ ಹಳೆಯ ನಾಣ್ಯವನ್ನು ಅಭ್ಯಾಸಕ್ಕೆಂದು ತನಗೆ ಕೊಡುತ್ತೀರಾ ಎಂದು. ಮಾವನ ಹೆಂಡತಿ ಗುತ್ತೆವ್ವ, ಎಂಬತ್ತು ದಾಟಿದ ಮುದುಕಿ, ಬಾಯೊಳಗಿನ ಎಲೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿ ಅವನನ್ನು ಮೇಲಿಂದ ಕೆಳಗೆ ನೋಡಿದಳು.

“ಅಲ್ಲೋ ಅಳಿಯಾ, ಓದಿದಾವ ಅಂತ ದೇವರನ್ನೂ ಕಿಸೆದಾಗ ಇಟಗೊಂಡು ಹೊಕ್ಕೀಯೇನು? ವರ್ಷಕ್ಕೊಮ್ಮೆ ಹೊಳಿಗೆ ಹೋಗೂದು ಬಿಟ್ರ ಮುತ್ಯಾ ಈ ಮನಿ ಹೊಸ್ತಿಲ ದಾಟಂಗಿಲ್ಲ. ಬೇಕಾದಾಗ ಬಾ, ಕೈ ಮುಗಿ, ಉಂಡು ಹೋಗು.”

ಪಡಸಾಲೆಗೆ ಪಡಸಾಲೆಯೇ ನಕ್ಕಿತು. ಗುತ್ತೆವ್ವನ ಮೊಮ್ಮಗ ಸುಭಾಷನೂ ನಕ್ಕ. ಕೋಲ್ಡ್ ಸ್ಟೋರೇಜಿನಲ್ಲಿ ಮೆಣಸಿನಕಾಯಿ ಚೀಲ ಎಣಿಸುವವನು, ಮೈಯೆಲ್ಲ ಘಾಟು ಹೊಡೆಯುವವನು, ಅವನು ಕೂಡ ನಕ್ಕ. ಇಪ್ಪತ್ತಾರು ವರ್ಷ ಹಾವೇರಿಯ ಕಾಲೇಜಿನಲ್ಲಿ ಇತಿಹಾಸ ಹೇಳಿದ ಶಂಭುಲಿಂಗ ಬಾಯಲ್ಲಿದ್ದ ಅಡಿಕೆಯನ್ನು ಅಗಿಯದೆ ಹಾಗೇ ನುಂಗಿದ. ನುಂಗಿದ್ದು ಅಡಿಕೆಯನ್ನು ಮಾತ್ರ. ಅವಮಾನವನ್ನು ಅವನು ರಾಣೆಬೆನ್ನೂರಿನ ತನ್ನ ಮನೆಯವರೆಗೆ ಹೊತ್ತುಕೊಂಡು ಬಂದು, ಪುಸ್ತಕದ ಕಪಾಟಿನ ಪಕ್ಕದಲ್ಲಿ ಇಟ್ಟು, ದಿನಾ ಅದಕ್ಕೆ ನೀರು ಹಾಕಿದ.

ಮುತ್ಯಾ ಎಂದರೆ ಆ ನಾಣ್ಯ. ಎಂಟಾಣೆಗಿಂತ ತುಸು ದೊಡ್ಡದು, ಆದರೆ ಅಂಚು ದಪ್ಪ. ಒಂದು ಬದಿಗೆ ಕುರ್ಚಿಯ ಮೇಲೆ ಕೋಲು ಹಿಡಿದು ಕೂತ ಗಡ್ಡದ ಮುದುಕ, ಅವನ ಮುಂಗೈ ಮೇಲೊಂದು ಹಕ್ಕಿ. ಇನ್ನೊಂದು ಬದಿಗೆ ಸಿಂಹದ ತೊಗಲನ್ನು ಟೊಪ್ಪಿಗೆಯಂತೆ ಹಾಕಿಕೊಂಡ ಒಂದು ಮುಖ. ಮನೆಯವರ ಪಾಲಿಗೆ ಆ ಮುದುಕ ತಮ್ಮ ಮನೆತನದ ಹಿರಿಯ, ಮುತ್ಯಾ. ಕೈಮೇಲಿದ್ದದ್ದು ಗಿಳಿ. ಹಬ್ಬಕ್ಕೊಮ್ಮೆ ಅವನಿಗೆ ಅರಿಶಿನ, ಕುಂಕುಮ, ಗಿಳಿಗೆಂದು ನಾಲ್ಕು ಕಾಳು ಕಡಲೆ. ಶಂಭುಲಿಂಗನಿಗೆ ಮಾತ್ರ ಗೊತ್ತಿತ್ತು, ಅದು ಗ್ರೀಕರ ದೇವರಾಜ ಜ್ಯೂಸ್, ಹಕ್ಕಿ ಹದ್ದು, ನಾಣ್ಯ ಎರಡು ಸಾವಿರದ ಮುನ್ನೂರು ವರ್ಷದ ಹಿಂದಿನದು, ಅಲೆಕ್ಸಾಂಡರನ ಹೆಸರಿನದು ಎಂದು. ಅದಕ್ಕಿಂತ ಹೆಚ್ಚಾಗಿ, ಕುರ್ಚಿಯ ಕೆಳಗಿದ್ದ ಟಂಕಸಾಲೆಯ ಗುರುತು ಅವನು ತರಿಸಿಕೊಂಡ ಯಾವ ಪುಸ್ತಕದಲ್ಲೂ ಇರಲಿಲ್ಲ. ಜಗತ್ತಿನಲ್ಲಿ ಅಂಥದು ಎರಡೋ ಮೂರೋ ಇರಬೇಕು. ಅದರಲ್ಲಿ ಒಂದು ಬ್ಯಾಡಗಿಯ ಓಣಿಯಲ್ಲಿ ಕುಂಕುಮ ಬಳಿಸಿಕೊಂಡು ಕಡಲೆ ತಿನ್ನುತ್ತಿತ್ತು.

ಅದು ಇಲ್ಲಿಗೆ ಹೇಗೆ ಬಂತು ಎಂದು ಕೇಳಿದರೆ ಆ ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಪುರಾಣ. ಸತ್ತ ಹನುಮಪ್ಪ, ಕುದುರೆ ಮಾರುವವನೊಬ್ಬ ಜ್ವರ ಬಂದು ಕಟ್ಟೆಯ ಮೇಲೆ ಮಲಗಿದ್ದಾಗ ಗಂಜಿ ಕೊಟ್ಟದ್ದಕ್ಕೆ ಬಿಟ್ಟುಹೋದ ಎನ್ನುತ್ತಿದ್ದ. ಓಣಿಯ ಹಿರಿಯರು ಅರಳೆ ಏಜಂಟನೊಬ್ಬನ ಹೆಸರು ಹೇಳುತ್ತಿದ್ದರು. ಗುತ್ತೆವ್ವನದು ಇನ್ನೂ ಸರಳ: “ಹೊಳ್ಯಾಗ ಸಿಕ್ಕಾನ. ಗಳಗನಾಥದಾಗ ನಮ್ಮ ಹಿರ್ಯಾರ ಕಾಲಿಗೆ ತೊಡರ್ಯಾನ. ಅದಕ್ಕ ವರ್ಷಾ ಅವನ್ನ ತವರಿಗೆ ಕರಕೊಂಡು ಹೋಗಿ ಮೀಯಿಸಿಕೊಂಡು ಬರೋದು.” ಇಂಥ ಕಟ್ಟುಕತೆಗಳನ್ನು ಕೇಳಿ ಶಂಭುಲಿಂಗ ಮೀಸೆಯೊಳಗೆ ನಗುತ್ತಿದ್ದ. ಅವನಲ್ಲಿ ಆಧಾರವಿತ್ತು. ನಾಣ್ಯದ ದಪ್ಪ ಅಂಚಿನ ಸುತ್ತ ಅಕ್ಕಿಕಾಳಿನಗಲದ ಹನ್ನೊಂದು ಗೀರುಗಳಿದ್ದವು. ಹಿಂದಿನ ಕಾಲದ ಚಿನಿವಾರರು ಬೆಳ್ಳಿ ಶುದ್ಧವೋ ಕಲಬೆರಕೆಯೋ ಎಂದು ನೋಡಲು ನಾಣ್ಯವನ್ನು ಕೆತ್ತಿ ಪರೀಕ್ಷಿಸುತ್ತಿದ್ದರು. ಹನ್ನೊಂದು ಗೀರು, ಹನ್ನೊಂದು ಪೇಟೆ. ಬ್ಯಾಬಿಲೋನಿನಿಂದ ಹೊರಟು, ಸಮುದ್ರ ದಾಟಿ, ಭರೂಚದಲ್ಲಿ ಇಳಿದು, ಬನವಾಸಿ ಹಾಯ್ದು ಈ ಸೀಮೆಯವರೆಗೆ. ಈ ಬಗ್ಗೆ ಅವನು ನಲವತ್ತು ಪುಟದ ಪ್ರಬಂಧವನ್ನೇ ಬರೆದಿಟ್ಟಿದ್ದ. ಐದನೆಯ ಗೀರು ಆಳವಾದದ್ದು, ಭರೂಚದ ನುರಿತ ಕೈಯದು. ಎಂಟನೆಯದು ಸೊಟ್ಟ. ಅದರ ಬಗ್ಗೆ ಅವನು ಹೀಗೆ ಬರೆದಿದ್ದ: ‘ಇದು ಬನವಾಸಿಯ ಯಾವನೋ ಹೆಡ್ಡ ಚಿನಿವಾರನ ಕೆಲಸ.’ ಆ ವಾಕ್ಯ ಅವನಿಗೆ ಬಹಳ ಹಿಡಿಸಿತ್ತು.

ಕದಿಯುವುದು ಎಂಬ ಶಬ್ದವನ್ನು ಅವನು ತನ್ನ ಮನಸ್ಸಿನಲ್ಲೂ ಬಳಸಲಿಲ್ಲ. ಅವನ ಅವ್ವ ಉಡಚವ್ವ ಆ ಮನೆಯ ಮಗಳು. ತವರಿನಿಂದ ಅವಳಿಗೆ ಬಂದದ್ದೇನು? ವರ್ಷಕ್ಕೊಂದು ಸೀರೆ, ಒಂದು ಕುಪ್ಪಸದ ಖಣ, ಒಂದು ಸಣ್ಣ ಚೀಲ ಮೆಣಸಿನಕಾಯಿ. ಅಷ್ಟಕ್ಕೇ ಅವಳು ಸಾಯುವತನಕ ತವರಿನ ದಿಕ್ಕಿಗೆ ಕೈಮುಗಿದಳು. ಕೊನೆಯ ದಿನಗಳಲ್ಲಿ ಹಾಸಿಗೆಯಿಂದ, “ಮುತ್ಯಾನ ಮೈಮ್ಯಾಲೆ ನೀನೂ ಅದೀಯಪಾ, ಮರೀಬ್ಯಾಡ” ಎಂದು ಎರಡು ಸಲ ಹೇಳಿದ್ದಳು. ಜ್ವರದ ಬಡಬಡಿಕೆ ಎಂದು ಅವನು ಹಣೆಗೆ ಒದ್ದೆ ಬಟ್ಟೆ ಹಾಕಿದ್ದ. ಈಗ ಅದಕ್ಕೆ ಅವನೇ ಅರ್ಥ ಹಚ್ಚಿಕೊಂಡಿದ್ದ: ಅವ್ವ ತನಗೆ ಪಾಲು ಇದೆ ಎಂದಿದ್ದಾಳೆ. ಪಾಲು ತೆಗೆದುಕೊಂಡರೆ ಅದು ಕಳವು ಹೇಗಾದೀತು?

ಮುಂಬೈಯ ಸೇಠನೊಬ್ಬ ಫೋನಿನಲ್ಲಿ ಸಿಕ್ಕಿದ್ದ. ಪ್ರಬಂಧವನ್ನೂ ಫೋಟೋಗಳನ್ನೂ ನೋಡಿ ಹುಚ್ಚಾಗಿದ್ದ. ಅವನು ಹೇಳಿದ ಬೆಲೆಯನ್ನು ಶಂಭುಲಿಂಗ ಯಾರೆದುರೂ ಬಾಯಿಬಿಟ್ಟು ಹೇಳಿರಲಿಲ್ಲ. ಅದು ಅವನ ಉಳಿದ ಆಯುಷ್ಯವನ್ನು ಬೇರೆ ಊರಿಗೆ ಎತ್ತಿಕೊಂಡು ಹೋಗಿ ಇಡುವಷ್ಟಿತ್ತು. ಅದಕ್ಕಿಂತ ಸಿಹಿಯಾದದ್ದು ಇನ್ನೊಂದು. ಸೇಠ ಅವನನ್ನು ‘ಪಂಡಿತಜೀ’ ಎನ್ನುತ್ತಿದ್ದ. ಬಳಗದವರು ‘ಪ್ರೊಫೆಸರ್ ಮಾವ’ ಎನ್ನುತ್ತಿದ್ದರು, ಅದೂ ಮೂಗಿನಿಂದ.

ಹೆಡ್ಡರು ಬಾಗಿಲು ಮುರಿಯುತ್ತಾರೆ, ಪೆಟ್ಟಿಗೆ ಒಡೆಯುತ್ತಾರೆ, ಪೊಲೀಸರಿಗೆ ಕೆಲಸ ಕೊಡುತ್ತಾರೆ. ಶಂಭುಲಿಂಗನ ಪ್ರಕಾರ ಒಳ್ಳೆಯ ಕೆಲಸವೆಂದರೆ ವಸ್ತು ಹೋದದ್ದು ಯಾರಿಗೂ ಗೊತ್ತೇ ಆಗದಿರುವುದು. ಮುತ್ಯಾ ಜಗಲಿಯ ಮೇಲೆ ಇರಲೇಬೇಕು. ಇನ್ನೂ ನೂರು ವರ್ಷ ಕಡಲೆ ತಿನ್ನಬೇಕು. ಆದರೆ ಅವನು ಬೇರೆ ಮುತ್ಯಾ ಆಗಿರಬೇಕು.

ಯುಗಾದಿಯ ದಿನ ಅವನು ಕ್ಯಾಮೆರಾ ಹೊತ್ತುಕೊಂಡು ಬ್ಯಾಡಗಿಗೆ ಹೋದ. ಕೈಕಾಲು ತೊಳೆದು, ಅಂಗಿ ತೆಗೆದು, ಜಗಲಿಯ ಕೋಣೆಯಲ್ಲಿ ಕೂತು ಫೋಟೋ ತೆಗೆಯುತ್ತೇನೆಂದ. ಗುತ್ತೆವ್ವ, “ತಗಿಯಪಾ, ಅವನೇನ ನಿನ್ನಂಗ ನಾಚ್ತಾನೇನು?” ಎಂದು ಹೋಳಿಗೆ ಬೇಯಿಸಲು ಒಳಗೆ ಹೋದಳು. ಅರ್ಧ ತಾಸು ಸಿಕ್ಕಿತು. ಹಲ್ಲಿನ ಡಾಕ್ಟರರು ದವಡೆಯ ಅಚ್ಚು ತೆಗೆಯಲು ಬಳಸುವ ಹಿಟ್ಟನ್ನು ಅವನು ಹುಬ್ಬಳ್ಳಿಯಿಂದ ತಂದಿದ್ದ. ಎರಡೂ ಬದಿ, ಅಂಚು, ಹನ್ನೊಂದು ಗೀರು, ಎಲ್ಲವೂ ಅಚ್ಚಿನಲ್ಲಿ ಇಳಿದವು. ಅಂಗೈಯಗಲದ ತಕ್ಕಡಿಯಲ್ಲಿ ತೂಕವನ್ನೂ ನೋಡಿಕೊಂಡ. ಮುತ್ಯಾನನ್ನು ಒರೆಸಿ, ಇದ್ದ ಕುಂಕುಮವನ್ನು ಇದ್ದ ಜಾಗದಲ್ಲೇ ಹಚ್ಚಿ, ಹೊರಗೆ ಬಂದು ಎರಡು ಹೋಳಿಗೆ ತಿಂದ.

ಅಚ್ಚನ್ನು ಕೊಲ್ಲಾಪುರದ ಕಡೆಯ ಒಬ್ಬ ಎರಕದವನಿಗೆ ಕೊಟ್ಟ. ಕಾಲೇಜಿನ ಪ್ರದರ್ಶನಕ್ಕೆ ಎಂದ. ಕಬ್ಬಿಣಕ್ಕೆ ಬೆಳ್ಳಿ ಬಳಿಯುವ ಸೋಗಿನ ಕೆಲಸ ಅವನಿಗೆ ಬೇಡವಾಗಿತ್ತು. ಬೆಳ್ಳಿಯೇ ಬೇಕು, ತೂಕಕ್ಕೆ ತೂಕ. ಮೂರು ತಿಂಗಳು ಕಾಯಿಸಿ ಎರಕದವನು ಕಳಿಸಿದ ನಾಣ್ಯವನ್ನು ನೋಡಿ ಶಂಭುಲಿಂಗನಿಗೇ ಒಂದು ಗಳಿಗೆ ಕೈಮುಗಿಯಬೇಕೆನಿಸಿತು. ಒಂದೇ ಕೊರತೆ, ಅದು ಹೊಸ ಮದುಮಗನಂತೆ ಮಿಂಚುತ್ತಿತ್ತು.

ಬೇಯಿಸಿದ ಮೊಟ್ಟೆಯ ಜೊತೆ ಮುಚ್ಚಿಟ್ಟರೆ ಬೆಳ್ಳಿ ಕಪ್ಪಾಗುತ್ತದೆ ಎಂದು ಅವನು ಓದಿದ್ದ. ಆದರೆ ಅವನ ಹೆಂಡತಿ ಪುಷ್ಪಲತಾ ಮೊಟ್ಟೆಯ ಹೆಸರೆತ್ತಿದರೆ ಮೂಗು ಮುಚ್ಚಿಕೊಳ್ಳುವವಳು. ಅವಳು ತವರಿಗೆ ಹೋದ ವಾರ ನೋಡಿ, ರಾಣೆಬೆನ್ನೂರಿನ ಸ್ಟೇಶನ್ ಹಿಂದಿನ ಒಂದು ಅಂಗಡಿಗೆ ಹೋಗಿ, ಅತ್ತ ಇತ್ತ ನೋಡಿ, ಒಂದು ಮೊಟ್ಟೆ ಕೇಳಿದ. “ಒಂದರಿ ಸರ್? ಏನ, ಔಷಧಕ್ಕೇನ್ರಿ?” ಎಂದ ಅಂಗಡಿಯವನು. ಇಡೀ ಕೆಲಸದಲ್ಲಿ ಶಂಭುಲಿಂಗನ ಎದೆ ನಿಜವಾಗಿ ಹೊಡೆದುಕೊಂಡದ್ದು ಆ ಮೊಟ್ಟೆಯನ್ನು ಕಿಸೆಯಲ್ಲಿಟ್ಟುಕೊಂಡು ತನ್ನ ಓಣಿ ಹಾಯುವಾಗ ಮಾತ್ರ.

ಆ ವಾರವೇ ಸುಭಾಷ ಫೋನು ಮಾಡಿದ್ದ. ಅವನ ತಂಗಿ ನೀಲಾ ಬಾಣಂತನಕ್ಕೆ ತವರಿಗೆ ಬಂದವಳು ಹೆಣ್ಣು ಹಡೆದಿದ್ದಳು.

“ಮಾವಾರ, ಗುರುವಾರ ನಮ್ಮ ನೀಲಾನ ಕೂಸಿಗೆ ಹೆಸರಿಡ್ತೀವ್ರಿ. ಚೊಚ್ಚಲ ಕೂಸು. ಅಜ್ಜಿ ಮುತ್ಯಾನ್ನ ಜಗಲಿಯಿಂದ ಕೆಳಗ ಇಳಸ್ತಾಳ. ನೀವು ಬರಾಕ ಬೇಕು.”

“ಪರೀಕ್ಷಾ ಅದಾವೋ ಸುಭಾಷ. ಆಶೀರ್ವಾದ ಮಾಡೇನಿ ಅಂತ ಹೇಳು.”

ಪರೀಕ್ಷೆ ಇರಲಿಲ್ಲ. ಹೆಂಗಸರು ತೊಟ್ಟಿಲ ಸುತ್ತ ಕೂತು ಜೋಗುಳ ಹಾಡುವುದನ್ನೂ, ಕೂಸಿನ ಕಿವಿಯಲ್ಲಿ ಹೆಸರು ಊದಿ ಒಬ್ಬರ ಬೆನ್ನಿಗೊಬ್ಬರು ಗುದ್ದುವುದನ್ನೂ ನೋಡುವಷ್ಟು ಪುರಸತ್ತು ಅವನಿಗಿರಲಿಲ್ಲ. ಮಾರನೆಯ ದಿನ ಬ್ಯಾಡಗಿಯ ಬಸ್ಸಿನ ಕಂಡಕ್ಟರನ ಕೈಯಲ್ಲಿ ಗುಗ್ಗರಿಯ ಡಬ್ಬಿ ಬಂತು. ಗೋಧಿ, ಕಡಲೆ ಕುದಿಸಿ ಬೆಲ್ಲ ಬೆರೆಸಿದ್ದು. ಕೂಸಿನ ಹೆಸರು ಸ್ನೇಹಾ ಎಂದು ಚೀಟಿಯಲ್ಲಿತ್ತು. ಅವನು ಆ ಗುಗ್ಗರಿಯನ್ನು ಮುಕ್ಕುತ್ತ, ಇನ್ನೊಂದು ಕೈಯಲ್ಲಿ ಮೊಟ್ಟೆಯ ಡಬ್ಬಿ ತೆರೆದು, ಕಪ್ಪಾದ ನಾಣ್ಯವನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದ. ಅವರ ಮನೆಯ ಹೆಂಗಸರು ತಿಕ್ಕುವಂತೆಯೇ, ಮೇಲೆ ಮೇಲೆ. ಗುಂಡಿಗಳಲ್ಲಿ ಕಪ್ಪು ಉಳಿಯಿತು, ಉಬ್ಬುಗಳಲ್ಲಿ ಬೆಳ್ಳಿ ಎದ್ದಿತು. ಗೀರುಗಳನ್ನು ಭೂತಗನ್ನಡಿಯಲ್ಲಿ ಎಣಿಸಿದ. ಹನ್ನೊಂದು. ಸೊಟ್ಟದ್ದು ಸೊಟ್ಟಗೇ ಇತ್ತು.

ಬದಲಿಸುವ ಜಾಗದ ಬಗ್ಗೆ ಅವನು ಬಹಳ ಯೋಚಿಸಿದ. ಮನೆಯಲ್ಲಿ ಜಗಲಿಗೆ ಎದುರಾಗಿಯೇ ಗುತ್ತೆವ್ವನ ಹಾಸಿಗೆ. ಆದರೆ ಮಹಾನವಮಿಗೆ ಮುನ್ನ ಮನೆದೇವರುಗಳನ್ನು ಬುಟ್ಟಿಯಲ್ಲಿಟ್ಟು ಗಳಗನಾಥಕ್ಕೆ, ವರದೆ ತುಂಗಭದ್ರೆಯನ್ನು ಕೂಡುವಲ್ಲಿಗೆ ಒಯ್ದು ತೊಳೆದು ತರುವುದು ಆ ಮನೆಯ ಪದ್ಧತಿ. ಹೊಳೆಯ ದಂಡೆಯಲ್ಲಿ ಎಲ್ಲರ ಕೈ ಒದ್ದೆ. ಎಲ್ಲ ದೇವರುಗಳ ಮೈಗೂ ಹುಳಿ, ಬೂದಿ. ಹೊಸ ಮುತ್ಯಾನ ಬಣ್ಣದಲ್ಲಿ ಎಳ್ಳಷ್ಟು ವ್ಯತ್ಯಾಸ ಕಂಡರೂ ಹೊಳೆನೀರಿನ ಹೊಳಪು ಎಂದುಕೊಳ್ಳುತ್ತಾರೆ. ತೊಳೆಯುವವಳು ಗುತ್ತೆವ್ವನೇ. ಅವಳ ಎರಡೂ ಕಣ್ಣಿಗೆ ಪೊರೆ ಬಂದು ವರ್ಷದ ಮೇಲಾಗಿತ್ತು. ಎದುರಿಗೆ ನಿಂತವರನ್ನು ದನಿಯಿಂದ ಗುರುತಿಸುತ್ತಿದ್ದಳು. ‘ಕಣ್ಣು: ಇಲ್ಲವೆಂದೇ ಲೆಕ್ಕ’ ಎಂದು ಅವನು ತನ್ನ ಡೈರಿಯಲ್ಲಿ ಬರೆದುಕೊಂಡ. ಐವತ್ತು ವರ್ಷ ಮೆಣಸಿನಕಾಯಿಯ ತೊಟ್ಟು ಬಿಡಿಸಿದ ಅವಳು, ಈಗಲೂ ಕಟ್ಟೆಯ ಮೇಲೆ ಕೂತು, ನೋಡದೆಯೇ, ಹೆಬ್ಬೆರಳಿನಿಂದ ಒಂದೊಂದೇ ಕಾಯಿ ಸವರಿ, ಇದು ಗಿಡ್ಡನೆಯ ಡಬ್ಬಿ, ಇದು ಉದ್ದನೆಯ ಕಡ್ಡಿ, ಇದು ಹೋದ ವರ್ಷದ ಮಾಲು ಎಂದು ಬೇರೆ ಮಾಡುವುದನ್ನು ಅವನು ಕಂಡಿದ್ದ. ಮುದುಕಿಯರ ಹೊತ್ತುಗಳೆಯುವ ಆಟವೆಂದು ಅದನ್ನು ಡೈರಿಗೆ ಸೇರಿಸಲಿಲ್ಲ.

ಆಮೇಲೆ ತಾಲೀಮು. ಬಚ್ಚಲಿನಲ್ಲಿ ಬಕೀಟಿನ ನೀರೊಳಗೆ ಟವೆಲ್ ಸುತ್ತಿದ ಕೈ ಮುಳುಗಿಸಿ, ಬೆರಳ ಸಂದಿನ ನಾಣ್ಯವನ್ನು ಅಂಗೈಗೆ, ಅಂಗೈಯದನ್ನು ಬೆರಳಿಗೆ. ದಿನಕ್ಕೆ ನಲವತ್ತು ಸಲ.

“ಏನ್ರಿ ಅದು, ಒಂದ್ ತಾಸಾತು, ಬಕೀಟಿನ ಕೂಡ ಏನ ಮಾತುಕತಿ ನಡದೇತಿ?” ಎಂದು ಪುಷ್ಪಲತಾ ಹೊರಗಿನಿಂದ ಕೂಗಿದಳು. ಇವಳೊಬ್ಬಳು, ಎಂದುಕೊಂಡ. ಅವನ ಸುತ್ತ ಇದ್ದವರೆಲ್ಲ ಹೀಗೇ. ಕಣ್ಣಿಗೆ ಕಂಡದ್ದನ್ನು ಕೇಳುವವರು, ಕೇಳಿದ್ದಕ್ಕೆ ಏನು ಹೇಳಿದರೂ ನಂಬುವವರು.

ಮಹಾನವಮಿಗೆ ಮುಂಚಿನ ಭಾನುವಾರ, ದೇವರು ಹೊಳೆಗೆ ಹೋಗುವ ದಿನ ಬೆಳಗ್ಗೆ, ಅವನು ತನ್ನ ಕಾರನ್ನು ತೊಳೆಸಿ, ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿ ಬಿಟ್ಟು ಬ್ಯಾಡಗಿಗೆ ತಿರುಗಿದ. ಸೇಠ ಹಿಂದಿನ ಸಂಜೆಯೇ ಹಾವೇರಿಗೆ ಬಂದು ಲಾಜಿನಲ್ಲಿ ಇಳಿದಿದ್ದ. ಇಳಿಹೊತ್ತಿನ ನಾಲ್ಕಕ್ಕೆ ಪಂಡಿತಜೀ ಚಹಾಕ್ಕೆ ಬರುತ್ತಾರೆ ಎಂದು ಕಾಯುತ್ತಿದ್ದ.

“ಕಾರ್ ತಂದೇನಿ ಅತ್ತಿ. ಈ ಸಲ ಟೆಂಪೋದಾಗ ಯಾಕ ಜೋಲಿ ಹೊಡೀತೀರಿ? ನಾನ ಕರಕೊಂಡು ಹೋಗ್ತೇನಿ.”

ಗುತ್ತೆವ್ವ ದನಿ ಬಂದ ಕಡೆಗೆ ಮುಖ ಎತ್ತಿದಳು. “ಸುಭ್ಯಾ, ಹೊರಗ ಹೋಗಿ ನೋಡ್ಬಾ. ಸೂರ್ಯಪ್ಪ ಇವತ್ತ ಯಾವ ದಿಕ್ಕಿಗೆ ಹುಟ್ಯಾನ?”

ಎಲ್ಲರೂ ನಕ್ಕರು. ಈ ಸಲ ಶಂಭುಲಿಂಗನೂ ಜೊತೆಗೆ ನಕ್ಕ. ನಗುವವರ ನಡುವೆ ನಗುವುದು ಎಷ್ಟು ಸುಲಭ ಎಂದು ಅವನಿಗೆ ಆಶ್ಚರ್ಯವಾಯಿತು.

ಸುಭಾಷ ಮುಂದೆ ಕೂತ. ಹಿಂದೆ ಗುತ್ತೆವ್ವ, ನಾಲ್ಕು ತಿಂಗಳ ಕೂಸನ್ನು ಎತ್ತಿಕೊಂಡ ನೀಲಾ, ನಡುವೆ ದೇವರ ಬುಟ್ಟಿ. ಡಿಕ್ಕಿಯಲ್ಲಿ ಬುತ್ತಿ. ಹಾವೇರಿ ದಾಟಿ, ಗುತ್ತಲದ ದಾರಿ ಹಿಡಿದು ಹೋಗುವಾಗ ಸುಭಾಷ ದಾರಿಯುದ್ದಕ್ಕೂ ಕೋಲ್ಡ್ ಸ್ಟೋರೇಜಿನ ಕತೆ ಹೇಳಿದ. ಮಾಲಿನ ಮೇಲೆ ಚೀಟಿ ಅದಲುಬದಲಾದರೆ ಎಂಥ ಜಗಳವಾಗುತ್ತದೆ, ಒಳ್ಳೆಯ ಮಾಲು ಕೊಟ್ಟವನಿಗೆ ಕಳಪೆ ಮಾಲು ಹೇಗೆ ಹೋಗುತ್ತದೆ ಎಂದು. ಶಂಭುಲಿಂಗ ಹ್ಞೂಂಗುಟ್ಟುತ್ತ ಕೇಳಿದ. ಪಾಪ, ಎಂದುಕೊಂಡ.

ಗಳಗೇಶ್ವರನ ಗುಡಿಯ ಹಿಂದೆ ಹೊಳೆ ಮಣ್ಣಿನ ಬಣ್ಣದಲ್ಲಿ ತುಂಬಿ ಹರಿಯುತ್ತಿತ್ತು. ಮೆಟ್ಟಿಲ ಮೇಲೆ ಇನ್ನೂ ಮೂರು ನಾಲ್ಕು ಮನೆಯವರು ತಮ್ಮ ತಮ್ಮ ದೇವರುಗಳನ್ನು ತಿಕ್ಕುತ್ತಿದ್ದರು. ಕಂಬಳಿ ಹಾಸಿ, ಗುತ್ತೆವ್ವ ಬುಟ್ಟಿ ಬಿಚ್ಚಿ, ಹುಳಿ ಹಚ್ಚಿ ಒಂದೊಂದೇ ದೇವರನ್ನು ತಿಕ್ಕತೊಡಗಿದಳು. ಸುಭಾಷ ಕಲ್ಲು ಹೂಡಿ ಒಲೆ ಮಾಡುವುದರಲ್ಲಿದ್ದ. ನೀಲಾ ಕೂಸಿಗೆ ಹಾಲೂಡಿಸಲು ಗುಡಿಯ ನೆರಳಿಗೆ ಹೋದಳು. ಎಲ್ಲವೂ ಡೈರಿಯಲ್ಲಿ ಬರೆದಂತೆಯೇ.

“ಅತ್ತಿ, ಕೆಳಗಿನ ಮೆಟ್ಲಾ ಪಾಚಿಗಟ್ಟ್ಯಾವ. ನೀ ಇಳೀಬ್ಯಾಡ. ತಿಕ್ಕಿ ಕೊಡು, ನಾ ಮುಳುಗಿಸಿ ತರ್ತೇನಿ.”

“ಬಾಳ ಶಾಣ್ಯಾ ಆಗೀದಿ ಬಿಡು. ಉಡಚಿ ನೋಡಿದ್ರ ಕಣ್ಣೀರ ತಗೀತಿದ್ಲು.”

ಮೊದಲು ಎರಡು ದೇವರುಗಳನ್ನು ಅವನು ನಿಷ್ಠೆಯಿಂದ ತೊಳೆದು ತಂದ. ಮೂರನೆಯ ಸಲ ಅವಳು ಮುತ್ಯಾನನ್ನು ಅವನ ಅಂಗೈ ಮೇಲೆ ಇಟ್ಟಳು. ಬೂದಿ, ಹುಳಿ ಮೆತ್ತಿ ಅವನು ಕೆಸರಿನ ಉಂಡೆಯಂತಿದ್ದ. ಶಂಭುಲಿಂಗ ಮೂರು ಮೆಟ್ಟಿಲು ಇಳಿದು, ಬೆನ್ನು ಅವರ ಕಡೆ ಮಾಡಿ, ಟವೆಲ್ ಸುತ್ತಿದ ಕೈಯನ್ನು ನೀರಿಗೆ ಇಳಿಸಿದ. ಬಕೀಟಿಗಿಂತ ಹೊಳೆ ತಣ್ಣಗಿತ್ತು, ಅಷ್ಟೇ. ಒಬ್ಬ ಮುತ್ಯಾ ಮುಳುಗಿದ, ಇನ್ನೊಬ್ಬ ಎದ್ದ. ಮುಳುಗಿದವನು ಟವೆಲಿನ ಮಡಿಕೆ ಸೇರಿ, ಅಲ್ಲಿಂದ ಪ್ಯಾಂಟಿನ ಒಳಗಿಸೆಗೆ ಜಾರಿದ. ಉಸಿರು ಬಿಗಿ ಹಿಡಿಯಬೇಕಾದ ಕೆಲಸವೂ ಇರಲಿಲ್ಲ. ಎದುರು ದಂಡೆಯಲ್ಲಿ ಒಂದು ಕೊಕ್ಕರೆ ಇತ್ತು. ನೋಡಿದ್ದರೆ ಅದು ಮಾತ್ರ ನೋಡಿರಬೇಕು.

ಅವನು ಹೊಸ ಮುತ್ಯಾನನ್ನು ತಂದು ಗುತ್ತೆವ್ವನ ಕೈಗೆ ಕೊಟ್ಟ. ಅವಳು ಸೆರಗಿನಿಂದ ಒರೆಸಿ ಪೊರೆಗಣ್ಣಿನ ಹತ್ತಿರ ಹಿಡಿದಳು. “ಏನ ಹೊಳೀತಾನೋ ನಮ್ಮಪ್ಪ!” ಎಂದಳು. ಶಂಭುಲಿಂಗನ ಎದೆಯೊಳಗೆ ಏನೋ ಸಡಿಲವಾಯಿತು. ತುಸು ಮರುಕವೂ ಹುಟ್ಟಿತು. ಇನ್ನು ಮುಂದೆ ಇವರು ಪೂಜಿಸುವುದು ಎರಕದವನ ಕೈಕೆಲಸವನ್ನು. ದೇವರಿಗೂ ಗಿಳಿಗೂ ಏನು ವ್ಯತ್ಯಾಸವಾದೀತು? ಮುಕ್ಕುವುದು ಅದೇ ಕಡಲೆ.

ನೀಲಾ ಕೂಸನ್ನು ಹೊತ್ತು ಬಂದು ಪಕ್ಕದಲ್ಲಿ ಕೂತಳು. ಸುಭಾಷ ಕೈ ಒರೆಸಿಕೊಳ್ಳುತ್ತ ಬಂದ. ಗುತ್ತೆವ್ವ ಕಣ್ಣು ಮುಚ್ಚಿದಳು. ಮುತ್ಯಾನನ್ನು ಎಡಗೈಯಲ್ಲಿ ಹಿಡಿದು ಬಲಗೈ ಹೆಬ್ಬೆರಳನ್ನು ಅಂಚಿಗೆ ಹಚ್ಚಿ, ಮೆಲ್ಲಗೆ ತಿರುಗಿಸತೊಡಗಿದಳು.

“ಸೋಮಣ್ಣ,” ಎಂದಳು. ಬೆರಳು ಸರಿಯಿತು. “ಗುಡ್ಡದವ್ವ. ಫಕ್ಕೀರಪ್ಪ. ಮುತ್ತವ್ವ.” ಬೆರಳು ಆಳವಾದ ಗೀರಿನಲ್ಲಿ ಒಂದು ಗಳಿಗೆ ನಿಂತಿತು. “ನಮ್ಮ ಮನಿಯಾವ್ರು, ಹನುಮಪ್ಪ.”

“ಏನ ಎಣಸಾಕತ್ತಿ ಅತ್ತಿ?” ಶಂಭುಲಿಂಗ ಕೇಳಿದ. ಏನೋ ಮಂತ್ರವೆಂದುಕೊಂಡಿದ್ದ.

“ಕರಿಯವ್ವ. ಪಾಪ, ವರ್ಷ ತುಂಬೂದ್ರಾಗ ಹೋತು ಅದು. ಮಾಲತೇಶ, ಸುಭ್ಯಾನ ಅಪ್ಪ. ಮತ್ತ ಇವಾ…” ಮುದುಕಿ ಕಣ್ಣು ಮುಚ್ಚಿಕೊಂಡೇ ನಕ್ಕಳು. “ಇವಾ ನಮ್ಮ ಉಡಚಿ ಮಗ ಶಂಭ್ಯಾ. ಸೊಟ್ಟ ಆಗ್ಯಾನ ನೋಡು. ತೊಡಿಮ್ಯಾಲೆ ಹಾಕ್ಕೊಂಡು ಮುತ್ಯಾನ್ನ ತೇಯಾಕತ್ರ ಕಾಲು ಝಾಡಿಸಿ ಒದ್ದ. ನನ್ನ ಕೈ ಜಾರ್ತು.”

ಶಂಭುಲಿಂಗನಿಗೆ ಹೊಳೆಯ ಸದ್ದು ಒಮ್ಮೆ ನಿಂತಂತಾಯಿತು. ಬ್ಯಾಬಿಲೋನಿಲ್ಲ, ಭರೂಚವಿಲ್ಲ. ಬನವಾಸಿಯ ಹೆಡ್ಡ ಚಿನಿವಾರನೆಂದರೆ ಅವನೇ. ಮುತ್ಯಾನ ಮೈಮೇಲೆ ನೀನೂ ಇದ್ದೀಯ ಎಂದು ಅವ್ವ ಎರಡು ಸಲ ಹೇಳಿದ್ದಳು. ನಲವತ್ತು ಪುಟ ನೀರುಪಾಲಾಯಿತು. ಆದರೆ ಅವನು ಬಲು ಬೇಗ ಚೇತರಿಸಿಕೊಂಡ. ಹೋಗಲಿ. ಸೇಠನಿಗೆ ಇದನ್ನು ಹೇಳುವವರು ಯಾರು? ಈ ಹೆಂಗಸರ ಮಾತು ಬ್ಯಾಡಗಿಯ ಓಣಿ ದಾಟಿದ್ದು ಯಾವಾಗ? ಗೀರು ಯಾರದಾದರೇನು, ಹನ್ನೊಂದಕ್ಕೆ ಹನ್ನೊಂದೂ ಎರಕದಲ್ಲಿ ಇವೆ. ಅವನ ಸೊಟ್ಟತನವೂ ಇದೆ. ಮುದುಕಿಯ ಬೆರಳು ಒಂಬತ್ತು ದಾಟಿತು, ದುರಗಪ್ಪ. ಹತ್ತು, ಸುಭಾಷ. ಹನ್ನೊಂದು, ಪ್ರಿಯಾಂಕಾ. ಅವನು ಉಸಿರು ಬಿಟ್ಟು, ಬುತ್ತಿಯ ಗಂಟಿನ ಕಡೆ ಕೈ ಚಾಚಿದ.

ಬೆರಳು ಮಾತ್ರ ನಿಲ್ಲಲಿಲ್ಲ. ಹನ್ನೊಂದನೆಯದನ್ನು ದಾಟಿ ಮುಂದೆ ಹೋಯಿತು, ನುಣ್ಣನೆಯ ಅಂಚಿನ ಮೇಲೆ ತಡವರಿಸಿತು, ಹಿಂದಕ್ಕೆ ಬಂದು ಮತ್ತೆ ಹೋಯಿತು. ಕಾಯಿಯ ರಾಶಿಯಲ್ಲಿ ಹಳೆಯ ಮಾಲು ಕೈಗೆ ಹತ್ತಿದಾಗ ಅವಳ ಮುಖ ಹೇಗಾಗುತ್ತಿತ್ತೋ ಈಗ ಹಾಗೇ ಆಯಿತು. “ಸ್ನೇಹಾಂದು ಎಲ್ಲಿ?” ಎಂದಳು ಗುತ್ತೆವ್ವ. “ಹೆಸರಿಡೋ ದಿವ್ಸ ಈ ಕೈಲೇ ಮುತ್ಯಾನ್ನ ಸಾಣಿಕಲ್ಲಿಗೆ ತೇಯ್ದು ಕೂಸಿಗೆ ಜೇನ ನೆಕ್ಕಿಸೇನಿ. ಹನ್ನೆರಡ್ನೇದು. ಹೊಸಾ ಗೀರು, ಇನ್ನೂ ಚುರುಕ್ ಇರಬೇಕು, ಬೆರಳಿಗೆ ಕೊರೀಬೇಕು.” ನೀಲಾನ ಮಡಿಲಲ್ಲಿ ಆ ಹನ್ನೆರಡನೆಯದು ಹಾಲು ಕಕ್ಕಿ ಬಾಯಿ ಚಪ್ಪರಿಸಿತು. ಡಬ್ಬಿ ತುಂಬ ಮುಕ್ಕಿದ್ದ ಗುಗ್ಗರಿಯ ಬೆಲ್ಲ ನಾಲ್ಕು ತಿಂಗಳಾದ ಮೇಲೆ ಶಂಭುಲಿಂಗನ ಗಂಟಲಿಗೆ ಮರಳಿ ಬಂತು. ಸುಭಾಷ ಮೆಟ್ಟಿಲ ಕಡೆ ನೋಡಿದ, ಒದ್ದೆ ಟವೆಲ್ ಕಡೆ ನೋಡಿದ, ಆಮೇಲೆ ಎದ್ದು ಹೋಗಿ ಕಾರಿಗೂ ಮಾವನಿಗೂ ನಡುವೆ ನಿಂತ. ಗುತ್ತೆವ್ವ ಕಣ್ಣು ತೆರೆಯಲಿಲ್ಲ. ಕಣ್ಣಿನ ಕೆಲಸವೇನೂ ಉಳಿದಿರಲಿಲ್ಲ. ಐವತ್ತು ವರ್ಷದ ಮೆಣಸಿನಕಾಯಿ ಕುಡಿದು ಕೆಂಪಗಾದ ಅಂಗೈಯನ್ನು ಅಳಿಯನ ಉಸಿರು ಕೇಳಿದ ಕಡೆಗೆ ಚಾಚಿ, ಕೂಸಿಗೆ ಎಚ್ಚರವಾಗದಷ್ಟು ಮೆತ್ತಗೆ, “ಕಿಸೆದಾಗಿಂದ ತಗಿ” ಎಂದಳು.